ಅಕ್ಕನ ಕ್ಯಾಮೆರಾಗೆ ಹಳೇ ಬುದ್ಧಿ

ನನ್ನ ಅಕ್ಕನನ್ನು ಹಿಂದಿನಿಂದ ಬಂದು ಮುಟ್ಟಬಾರದು. ಮುಟ್ಟಿದರೆ ಬೆಚ್ಚಿ ಬೀಳುತ್ತಾಳೆ. ಬೆಚ್ಚಿದ್ದು ಇಳಿದ ಮೇಲೆ ಮುಟ್ಟಿದವರಿಗೆ ಚೆನ್ನಾಗಿ ಮಂಗಳಾರತಿ ಎತ್ತುತ್ತಾಳೆ. ಚಿಕ್ಕವಳಿದ್ದಾಗ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಅಷ್ಟರಲ್ಲಿ ಮಾತು ಕಲಿತಿದ್ದಳು, ಹಾಗಾಗಿ ಮಾತು ಉಳಿಯಿತು. ಆ ಮಾತು ಸ್ವಲ್ಪ ಒರಟು, ಏರಿಳಿತ ಕಡಿಮೆ. ಹೊಸಬರು ಅವಳಿಗೆ ಸಿಟ್ಟು ಬಂದಿದೆ ಎಂದುಕೊಳ್ಳುತ್ತಾರೆ. ನಮ್ಮ ಮಾತನ್ನು ಅವಳು ತುಟಿ ನೋಡಿ ತಿಳಿಯುತ್ತಾಳೆ. ಎಷ್ಟು ಚೆನ್ನಾಗಿ ಎಂದರೆ, ಮದುವೆಮನೆಯಲ್ಲಿ ಆಚೆ ಸಾಲಿನಲ್ಲಿ ಕೂತವರು ಯಾರ ಸೊಸೆಯನ್ನು ಬೈಯುತ್ತಿದ್ದಾರೆ ಎಂದು ನನಗೆ ಹೇಳಿ ನಗಿಸುವವಳು ಅವಳೇ.

ಅಕ್ಕನ ಮನೆ ಹೊಳಲ್ಕೆರೆಯಲ್ಲಿ. ಎರಡೇ ಕೋಣೆ. ಹೊಲಿಗೆಯ ದುಡ್ಡಿನಿಂದ ಕಟ್ಟಿಸಿದ್ದು, ಮುಂದಿನ ಕೋಣೆಯಲ್ಲಿ ಹೊಲಿಗೆಯೇ ನಡೆಯುವುದು. ಮದುವೆ ಬೇಡ ಎಂದು ಹೇಳಿದವಳು ಹೇಳಿದ ಹಾಗೇ ಇದ್ದಾಳೆ. ನಾನು ಹೊಸದುರ್ಗದಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡಿದ್ದೇನೆ. ಬಳೆ, ಕ್ಲಿಪ್ಪು, ಹಣೆಗೆ ಹಚ್ಚುವ ಸ್ಟಿಕ್ಕರ್ ಮಾರುತ್ತೇನೆ. ನಮ್ಮಿಬ್ಬರಿಗೂ ದೊಡ್ಡವನಾದ ಅಣ್ಣ ಚಿತ್ರದುರ್ಗದಲ್ಲಿ ಸರ್ಕಾರಿ ನೌಕರ. ಅವನಿಗೆ ತಂಗಿಯರೆಂದರೆ ಬಹಳ ಪ್ರೀತಿ. ಆ ಪ್ರೀತಿಯ ಕಾಟವೂ ಅಷ್ಟೇ ಇದೆ.

ಕಿವಿ ಕೇಳದವಳು ಮನೆಯಲ್ಲಿ ಅಂಗಡಿ ನಡೆಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಿದ್ದರು. ಗೇಟು ಬಡಿದರೆ ಗೊತ್ತಾಗುವುದಿಲ್ಲ, ಬೆಲ್ಲು ಹಾಕಿಸಿದರೆ ಅದೂ ದಂಡ. ಇದಕ್ಕೆ ದಾರಿ ಹುಡುಕಿದ್ದು ಅಕ್ಕನೇ. ಚಿತ್ರದುರ್ಗದ ಪೇಟೆಯಲ್ಲಿ ಒಬ್ಬ ಸಾಹೇಬರ ಅಂಗಡಿ ಇದೆ. ಅವರ ಮನೆತನ ತಲೆಮಾರುಗಳಿಂದ ಗಡಿಯಾರ, ರೇಡಿಯೊ ಎಂದು ರಿಪೇರಿ ಮಾಡಿಕೊಂಡು ಬಂದದ್ದು, ಈಗ ಕ್ಯಾಮೆರಾ ಹಾಕುತ್ತಾರೆ. ಅಕ್ಕ ಅವರ ಮುಂದೆ ಹೋಗಿ ನಿಂತು, ಗೇಟಿಗೆ ಯಾರಾದರೂ ಬಂದರೆ ನನ್ನ ಮಿಷನ್ನಿನ ಮುಂದೆ ದೀಪ ಹತ್ತಬೇಕು, ಆಗುತ್ತೋ ಇಲ್ಲವೋ ಹೇಳಿ ಎಂದಳಂತೆ. ಸಾಹೇಬರು ಗೇಟಿನ ಕಂಬಕ್ಕೆ ಕ್ಯಾಮೆರಾ ಕೂರಿಸಿದರು. ಅದರ ಹಿಂದಿನಿಂದ ಎರಡು ತೆಳ್ಳನೆಯ ವೈರು ಎಳೆದು, ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಬಲ್ಬಿಗೆ ಕೊಟ್ಟರು. ಗೇಟಿನ ಮುಂದೆ ಯಾರಾದರೂ ನಿಂತರೆ ಬಲ್ಬು ಹತ್ತುತ್ತದೆ. ಮಿಷನ್ನಿನ ಪಕ್ಕದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಫೋನಿನಲ್ಲಿ ಬಂದವರ ಮುಖ ಕಾಣುತ್ತದೆ.

ಆ ಬಲ್ಬು ಬಂದ ಮೇಲೆ ಅಕ್ಕ ಮಿಷನ್ನನ್ನು ತಿರುಗಿಸಿ ಕಿಟಕಿಗೆ ಎದುರಾಗಿ ಹಾಕಿಕೊಂಡಳು. ಹೊಲಿಯುವವರಿಗೆ ಕಿಟಕಿಯ ಬೆಳಕು ಅನ್ನವಿದ್ದ ಹಾಗೆ. ಅದಕ್ಕೆ ಮೊದಲು ಯಾರು ಬಂದರೋ ಎಂದು ಬಾಗಿಲ ಕಡೆ ಮುಖ ಮಾಡಿ, ತನ್ನ ನೆರಳಲ್ಲೇ ತಾನು ಹೊಲಿಯುತ್ತಿದ್ದಳು. ಈಗ ಬಾಗಿಲಿಗೆ ಬೆನ್ನು ಹಾಕಿ ನೆಮ್ಮದಿಯಾಗಿ ಕೂತಳು. ಅವಳು ಹಾಗೆ ಕೂತದ್ದನ್ನು ನೋಡಲು ನನಗೆ ಬಹಳ ಇಷ್ಟವಾಗುತ್ತಿತ್ತು.

ಇಷ್ಟೆಲ್ಲ ಕೆಟ್ಟದ್ದು ಅಕ್ಕನ ಅಚ್ಚುಕಟ್ಟಿನಿಂದ. ಫೋನಿನ ಆ್ಯಪಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಬಂದಿತ್ತು, ಹೊಸ ಅಪ್‌ಡೇಟ್ ಬಂದಿದೆ ಎಂದು. ಬಟ್ಟೆಯಿಂದ ಒಂದು ನೂಲು ಇಣುಕಿದರೂ ಸಹಿಸದವಳು ಆ ಚುಕ್ಕೆಯನ್ನು ಸಹಿಸುತ್ತಾಳೆಯೇ? ಒತ್ತಿಬಿಟ್ಟಳು. ಚುಕ್ಕೆ ಹೋಯಿತು, ಬಲ್ಬೂ ಹೋಯಿತು. ಹೊಸ ಸಾಫ್ಟ್‌ವೇರಿನಲ್ಲಿ ಕ್ಯಾಮೆರಾ ಮನುಷ್ಯರು ಯಾರು, ನಾಯಿ ಯಾವುದು, ಗಾಡಿ ಯಾವುದು ಎಂದೆಲ್ಲ ಗುರುತಿಸುತ್ತಿತ್ತು, ಆದರೆ ಆ ಎರಡು ವೈರುಗಳಿಗೆ ಏನನ್ನೂ ಹೇಳುತ್ತಿರಲಿಲ್ಲ. ಆ ಸೌಕರ್ಯವನ್ನೇ ತೆಗೆದುಹಾಕಿದ್ದರು. ಬದಲಿಗೆ ಫೋನು ಗುರ್ ಎಂದು ನಡುಗುತ್ತದಂತೆ. ಮೋಟಾರ್ ಹಾಕಿದ ಹೊಲಿಗೆ ಮಿಷನ್ನಿನ ಟೇಬಲ್ಲು ಬೆಳಗಿನಿಂದ ಸಂಜೆಯವರೆಗೆ ನಡುಗುತ್ತಲೇ ಇರುತ್ತದೆ. ಅದರ ಮೇಲೆ ಫೋನು ನಡುಗಿದರೆ ಯಾರಿಗೆ ಗೊತ್ತಾಗಬೇಕು?

ಗಿರಾಕಿಗಳು ಬಂದು ಗೇಟು ಬಡಿದು ವಾಪಸ್ ಹೋದರು. ರಾಮಗಿರಿಯಿಂದ ಬಸ್ಸು ಹತ್ತಿ ಬಂದ ಒಬ್ಬ ಹೆಂಗಸು ಬಿಸಿಲಲ್ಲಿ ನಿಂತು ನಿಂತು, ಬಾಗಿಲಿನಿಂದ ಅವಳು ಕೂತದ್ದು ಕಂಡರೂ ಗೇಟು ತೆಗೆಯಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ಹೋದಳು. ಅಕ್ಕನಿಗೆ ಇದು ತುಂಬ ನಾಟಿತು. ಗೇಟಿನ ಚಿಲಕ ತೆಗೆದಿಟ್ಟಳು, ಬಂದವರು ತಾವೇ ಒಳಗೆ ಬರಲಿ ಎಂದು. ಬಂದವರು ಬಂದರು, ಬಂದು ಬೆನ್ನು ಮುಟ್ಟಿದರು. ಒಂದು ದಿನ ಅಕ್ಕ ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದಾಗ ಯಾರೋ ಭುಜದ ಮೇಲೆ ಕೈ ಇಟ್ಟರು. ಬೆಚ್ಚಿದ ಏಟಿಗೆ ಕತ್ತರಿ ಎಡಗೈ ಹೆಬ್ಬೆರಳಿಗೆ ಬಿತ್ತು.

ಬ್ಯಾಂಡೇಜ್ ನೋಡಲು ಅಣ್ಣನೂ ನಾನೂ ಹೋದೆವು. ಅಕ್ಕ ಮಿಷನ್ನನ್ನು ಮತ್ತೆ ಬಾಗಿಲ ಕಡೆ ತಿರುಗಿಸಿಕೊಂಡಿದ್ದಳು. ಒಂದು ಹೊಲಿಗೆ ಹಾಕುವುದು, ತಲೆ ಎತ್ತಿ ನೋಡುವುದು, ಮತ್ತೊಂದು ಹೊಲಿಗೆ ಹಾಕುವುದು. ಹೀಗೆ ಮಾಡಿ ಮಾಡಿ ಕಣ್ಣು ಕೆಂಪಾಗಿತ್ತು.

“ಸಾಕು ಬಿಡವ್ವ,” ಎಂದ ಅಣ್ಣ. “ನಮ್ಮನೆ ಮ್ಯಾಲೆ ರೂಮು ಖಾಲಿ ಐತೆ. ಮಿಷನ್ನೂ ತಂದು ಹಾಕಾಣ. ಅತ್ತಿಗೆ ಇರ್ತಾಳೆ, ಬಂದೋರ್ನ ಅವಳು ನೋಡ್ಕಂತಾಳೆ. ಭಾನುವಾರ ಲಗೇಜ್ ಆಟೊ ತಗಂಡು ಬರ್ತೀನಿ.”

ಅಕ್ಕ ಅವನ ತುಟಿಯನ್ನು ಪೂರ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಕ್ಯಾಮೆರಾ ಸರಿ ಹೋದ್ರೆ?”

“ಸರಿ ಹೋದ್ರೆ ನೋಡಾಣ,” ಎಂದ ಅಣ್ಣ. ಸರಿ ಹೋಗುವುದಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಅವನ ಕಣ್ಣು ಆ ಹೆಬ್ಬೆರಳನ್ನು ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ.

ಅಣ್ಣ ಹೋದ ಮೇಲೆ ಕ್ಯಾಮೆರಾ ಕಂಪನಿಗೆ ಫೋನು ಮಾಡುವ ಕೆಲಸ ನನಗೆ ಬಂತು. ಫೋನಿನಲ್ಲಿ ಜಗಳವಾಡುವುದರಲ್ಲಿ ನಮ್ಮ ಮನೆಯಲ್ಲಿ ನನ್ನದೇ ಮೊದಲ ಸ್ಥಾನ. ಆ ಕಡೆಯ ಹುಡುಗಿ ಬಹಳ ವಿನಯದಿಂದ, “ನಿಮ್ಮ ಕ್ಯಾಮೆರಾ ಈಗ ಮೊದಲಿಗಿಂತ ಸ್ಮಾರ್ಟ್ ಆಗಿದೆ ಮೇಡಂ,” ಎಂದಳು.

“ಸ್ಮಾರ್ಟ್ ಆಗಿ ಏನ್ ಮಾಡ್ತೀರಿ ತಾಯಿ, ದೀಪ ಹತ್ತಲ್ಲ ಅಂತೀನಿ.”

“ಆ ಫೀಚರ್ ಈಗ ಇಲ್ಲ ಮೇಡಂ. ಹಳೇ ವರ್ಷನ್‌ಗೆ ಹೋಗೋಕೆ ನಾವು ಸಪೋರ್ಟ್ ಮಾಡಲ್ಲ. ಕಂಪ್ಲೇಂಟ್ ಬರ್ಕೋತೀನಿ, ಆದ್ರೆ ಕ್ಯಾಮೆರಾ ಯಾರ ಹೆಸರಲ್ಲಿದೆಯೋ ಅವರೇ ಲೈನಿಗೆ ಬರಬೇಕು.”

“ಅವಳಿಗೆ ಕಿವಿ ಕೇಳಲ್ಲ. ಕಿವಿ ಕೇಳಲ್ಲ ಅಂತಾನೇ ಕ್ಯಾಮೆರಾ ಹಾಕ್ಸಿದ್ದು.”

“ಅರ್ಥ ಆಯ್ತು ಮೇಡಂ. ಅವರಿಗೆ ಫೋನ್ ಕೊಡಿ.”

ನನಗೆ ನೆತ್ತಿಗೇರಿತು. ನಾನು ಏನೇನು ಅಂದೆನೋ ಇಲ್ಲಿ ಬರೆಯುವ ಹಾಗಿಲ್ಲ. ಎದುರಿಗೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದ ಅಕ್ಕ ಮಾತ್ರ ಬ್ಯಾಂಡೇಜಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಕೊನೆಗೆ ನನ್ನ ಕೈಯಿಂದ ಫೋನು ಕಸಿದುಕೊಂಡು, “ಥ್ಯಾಂಕ್ಸ್ ಕಣಮ್ಮ,” ಎಂದು ಗಟ್ಟಿಯಾಗಿ ಹೇಳಿ ಇಟ್ಟಳು. ಆಮೇಲೆ ಸಾಹೇಬರಿಗೆ ತಾನೇ ಮೆಸೇಜು ಬರೆದಳು.

ಸಾಹೇಬರು ಆ ವಾರ ಹಿರಿಯೂರಿನಲ್ಲಿದ್ದರು, ಯಾರದೋ ದಾಳಿಂಬೆ ಗೋಡೌನಿಗೆ ಕ್ಯಾಮೆರಾ ಹಾಕುತ್ತಿದ್ದರು. ವಿಡಿಯೊ ಕಾಲ್ ಮಾಡಿದರು. ಅಕ್ಕನಿಗೆ ಕಾಣಲಿ ಎಂದು ಮುಖವನ್ನು ಬೆಳಕಿನ ಕಡೆ ಮಾಡಿ, ಬಿಡಿಸಿ ಬಿಡಿಸಿ ಮಾತಾಡಿದರು. ಅವರ ಈ ಒಂದು ಗುಣಕ್ಕೆ ನಾನು ಅವರಿಗೆ ಯಾವತ್ತೂ ಕೈ ಮುಗಿಯುತ್ತೇನೆ.

“ಅಕ್ಕಾ, ಅದಕ್ಕೆ ಹೊಸ ಬುದ್ಧಿ ಬಂದೈತೆ. ಹಳೇ ಬುದ್ಧಿನೇ ವಾಪಸ್ ಹಾಕಾಣ. ಹಾಕ್ಸಿದಾಗಿಂದು ಫೈಲು ನನ್ ಕಂಪ್ಯೂಟರ್‌ದಾಗೆ ಐತೆ. ನಮ್ ಅಂಗಡೀಲಿ ಹೇಳ್ತೀನಿ, ಮೆಮೊರಿ ಕಾರ್ಡಿಗೆ ಹಾಕಿ ಬಸ್ಸಿಗೆ ಕೊಟ್ ಕಳಿಸ್ತಾರೆ. ಕ್ಯಾಮೆರಾದ ಹೊಟ್ಟೆ ಕೆಳಗೆ ಸಣ್ಣ ತೂತು ಐತೆ, ಒಳಗೆ ಬಟನ್ ಐತೆ. ಕಾರ್ಡ್ ಹಾಕ್ರಿ, ಪಿನ್ನಿಂದ ಬಟನ್ ಒತ್ತಿ ಹಿಡ್ಕಂಡೇ ಕರೆಂಟ್ ಕೊಡ್ರಿ. ಕೆಂಪು ಲೈಟ್ ಮಿಣುಕಿದ್ರೆ ಬಿಟ್ಬಿಡ್ರಿ. ಆಮೇಲೆ ಮುಟ್ಬ್ಯಾಡ್ರಿ. ನಡುವೆ ಕರೆಂಟ್ ಹೋಯ್ತೋ, ಕ್ಯಾಮೆರಾ ಡಬ್ಬಾ. ನನ್ ಕೈಲೂ ಆಗಲ್ಲ ಆಮೇಲೆ.”

“ಹೊಸದು ತಗಂಡ್ರೆ?” ಎಂದು ನಾನು ನಡುವೆ ಬಾಯಿ ಹಾಕಿದೆ.

“ಈಗ ಬರೋ ಮಾಡೆಲ್ಲಾಗೆ ಆ ವೈರೇ ಇಲ್ಲಕ್ಕಾ. ಎಲ್ಲಾ ಫೋನಿಗೇ. ಇದನ್ನ ಉಳಿಸ್ಕಳ್ರಿ.”

ಶನಿವಾರ ಮಧ್ಯಾಹ್ನ ಕಾರ್ಡು ಬಂತು. ಅಣ್ಣ ಬರುವುದಕ್ಕೆ ಮುಂಚೆ ಕೆಲಸ ಮುಗಿಯಬೇಕೆಂದು ನಾನು ಅಂಗಡಿಗೆ ಬೀಗ ಹಾಕಿ ಹೊಳಲ್ಕೆರೆಗೆ ಬಂದಿದ್ದೆ. ಅಕ್ಕ ಕ್ಯಾಮೆರಾವನ್ನು ಕಂಬದಿಂದ ಬಿಚ್ಚಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಒಂದು ಹಳೆಯ ಫ್ಲಾನೆಲ್ ಚೂರಿನಲ್ಲಿ ಮಲಗಿಸಿದ್ದಳು. ಕರೆಂಟನ್ನು ನಂಬುವ ಹಾಗಿರಲಿಲ್ಲ, ಇನ್ವರ್ಟರಿನಿಂದ ವೈರು ಎಳೆದೆವು. ಕಾರ್ಡು ಹಾಕಿದೆವು. ನಾನು ಗುಂಡುಪಿನ್ನಿನಿಂದ ತೂತಿನಲ್ಲಿ ಒತ್ತಿ ಹಿಡಿದೆ, ಅಕ್ಕ ಸ್ವಿಚ್ಚು ಹಾಕಿದಳು. ಕೆಂಪು ಲೈಟು ಮಿಣುಕಲಿಲ್ಲ. ಕ್ಯಾಮೆರಾ ಎಂದಿನಂತೆ ಎದ್ದು, ಫೋನಿನಲ್ಲಿ ನಮ್ಮಿಬ್ಬರ ಮುಖ ತೋರಿಸಿ, ಇಲ್ಲಿ ಮನುಷ್ಯರಿದ್ದಾರೆ ಎಂದು ಘೋಷಿಸಿತು.

ಮತ್ತೆ ಮಾಡಿದೆವು. ಮತ್ತೆ ಮನುಷ್ಯರಿದ್ದಾರೆ ಎಂದಿತು. ಪಿನ್ನು ಬಾಗಿತು, ಇನ್ನೊಂದು ತಂದೆ. ಸೆಕೆಗೆ ಬೆವರು ಇಳಿಯುತ್ತಿತ್ತು, ನನ್ನ ತಾಳ್ಮೆಯೂ ಅದರ ಜೊತೆ ಇಳಿಯಿತು. ಫೈಲೇ ಸರಿಯಿಲ್ಲ, ಕಾರ್ಡೇ ಸರಿಯಿಲ್ಲ, ಸಾಹೇಬರಿಗೇ ಮರೆತಿರಬೇಕು ಎಂದು ಎಲ್ಲರ ಮೇಲೂ ಹರಿಹಾಯ್ದೆ. ಪಿನ್ನು ಎಸೆದು, “ಹೋಗ್ಲಿ ಬಿಡೇ ಅಕ್ಕ, ಇದ್ರ ಹಣೇಲಿ ಬರ್ದಿಲ್ಲ,” ಎಂದೆ.

ಅಕ್ಕ ಆ ಪಿನ್ನನ್ನು ಎತ್ತಿಕೊಂಡು ತಾನೇ ತೂತಿಗೆ ಹಾಕಿದಳು. ಅವಳು ಯಂತ್ರದ ಜೊತೆ ಇರುವ ರೀತಿಯೇ ಬೇರೆ. ನಾವೆಲ್ಲ ಸದ್ದಿನಿಂದ ತಿಳಿಯುವುದನ್ನು ಅವಳು ಬೆರಳ ತುದಿಯಿಂದ ತಿಳಿಯುತ್ತಾಳೆ. ಮಿಷನ್ನಿನ ಸೂಜಿ ಮುರಿಯುವ ಮುಂಚೆಯೇ ಕಾಲು ತೆಗೆಯುತ್ತಾಳೆ, ಬಾಬಿನ್ನಿನಲ್ಲಿ ನೂಲು ಮುಗಿಯುತ್ತಾ ಬಂದದ್ದು ಅವಳ ಮೊಣಕೈಗೆ ಗೊತ್ತಾಗುತ್ತದೆ. ಈಗ ಕಣ್ಣು ಮುಚ್ಚಿಕೊಂಡು ಪಿನ್ನನ್ನು ಮೆಲ್ಲಗೆ ಒತ್ತಿದಳು, ಬಿಟ್ಟಳು, ಒತ್ತಿದಳು.

“ಟಕ್ ಅನ್ನಲ್ಲ,” ಎಂದಳು.

“ಏನು?”

“ಬಟನ್ ಅಂದ್ರೆ ಟಕ್ ಅನ್ಬೇಕು. ಇದು ಮಣ್ಣು ಚುಚ್ಚಿದಂಗೆ ಐತೆ. ನೀನು ಬಟನ್ನೇ ಮುಟ್ಟಿಲ್ಲ ಕಣೇ.”

ಕನ್ನಡಕ ಹಾಕಿಕೊಂಡು, ಕ್ಯಾಮೆರಾವನ್ನು ಕಿಟಕಿಗೆ ಹಿಡಿದು ಹೊಟ್ಟೆಯ ತೂತು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖದಲ್ಲಿ ಒಂದು ತರಹದ ನಾಚಿಕೆ ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ನನಗೆ ತಲೆಬುಡ ತಿಳಿಯಲಿಲ್ಲ.

“ಕುಂಕುಮ,” ಎಂದಳು, ನಗುವಿನ ನಡುವೆ. “ಆಯುಧಪೂಜೆ ಕುಂಕುಮ!”

ನಮ್ಮ ಕಡೆ ಆಯುಧಪೂಜೆಯ ದಿನ ಮನೆಯಲ್ಲಿ ದುಡಿಯುವ ಯಾವ ವಸ್ತುವೂ ತಪ್ಪಿಸಿಕೊಳ್ಳುವಂತಿಲ್ಲ. ಮಿಷನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಎಲ್ಲಕ್ಕೂ ಗಂಧ ಕುಂಕುಮ ಬೀಳುತ್ತದೆ. ಕ್ಯಾಮೆರಾ ಬಂದ ಮೇಲೆ ಅಕ್ಕ ಅದನ್ನೂ ಬಿಟ್ಟಿರಲಿಲ್ಲ. ಪ್ರತಿ ವರ್ಷ ಸ್ಟೂಲು ಹತ್ತಿ, ಗಾಜಿಗೆ ತಾಗಬಾರದೆಂದು ಬಹಳ ಜಾಗ್ರತೆಯಿಂದ, ಹೊಟ್ಟೆಯ ಮೇಲೆ ಗಂಧ ಹಚ್ಚಿ ಅದರ ನಡುವೆ ಕುಂಕುಮ ಒತ್ತುತ್ತಿದ್ದಳು. ಆ ಸಣ್ಣ ತೂತು ಅವಳಿಗೆ ಬೊಟ್ಟಿಡಲೆಂದೇ ಮಾಡಿದ ಗುಳಿಯಂತೆ ಕಂಡಿತ್ತಂತೆ. ಬೆರಳಿಟ್ಟು ಒತ್ತಿ ಒತ್ತಿ ತುಂಬಿದ್ದಳು. ಅದು ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ನಾನು ಬೆವರು ಸುರಿಸಿ ಒತ್ತಿದ್ದೆಲ್ಲ ಹಬ್ಬದ ಪ್ರಸಾದವನ್ನು. ಕಂಪನಿಯ ಆ ಹುಡುಗಿಗೆ ಇದನ್ನು ಹೇಳಿದ್ದರೆ ಕಂಪ್ಲೇಂಟಿನಲ್ಲಿ ಏನೆಂದು ಬರೆದುಕೊಳ್ಳುತ್ತಿದ್ದಳೋ.

ಅಕ್ಕ ಕೈಹೊಲಿಗೆಯ ಸಣ್ಣ ಸೂಜಿ ತಗೊಂಡು ಕೂತಳು. ಸೂಜಿಯ ಮೊನೆಯಿಂದ ಒಂದಿಷ್ಟು ಕೆದಕುವುದು, ಮಿಷನ್ನಿನಲ್ಲಿ ಕೂತ ನೂಲಿನ ಧೂಳು ತೆಗೆಯುವ ಪುಟ್ಟ ಬ್ರಷ್ಷಿನಿಂದ ಗುಡಿಸುವುದು. ಬ್ಯಾಂಡೇಜಿದ್ದ ಹೆಬ್ಬೆರಳು ಅಡ್ಡ ಬರುತ್ತಿತ್ತು. ನಾನು ಮಾಡುತ್ತೇನೆ ಎಂದರೆ ಕೈಯಿಂದ ಸರಿ ಅತ್ತ ಎಂದು ಸನ್ನೆ ಮಾಡಿದಳು. ಫ್ಲಾನೆಲ್ಲಿನ ಮೇಲೆ ಕೆಂಪು ಪುಡಿ ಬಿತ್ತು, ಆಮೇಲೆ ಹಳದಿ ಪುಡಿ, ಮತ್ತೆ ಕೆಂಪು. ಆ ಪುಡಿಯನ್ನೂ ಅವಳು ಚೆಲ್ಲಲಿಲ್ಲ, ಕಾಗದದಲ್ಲಿ ಒಟ್ಟು ಮಾಡಿ ತುಳಸಿಯ ಬುಡಕ್ಕೆ ಹಾಕಿ ಬಂದಳು. ಅವಳ ಇಡೀ ಬದುಕು ಆ ಮೇಜಿನ ಮೇಲೆ ಮಲಗಿದ್ದಾಗಲೂ ಅವಳಿಗೆ ಆತುರವಿರಲಿಲ್ಲ. ನನ್ನ ಅಕ್ಕನ ಬಗ್ಗೆ ನನಗೆ ಅಂದು ಬಂದಷ್ಟು ಹೆಮ್ಮೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ಮತ್ತೆ ಪಿನ್ನು ಹಾಕಿದಳು. ಕಣ್ಣು ಮುಚ್ಚಿದಳು. “ಹೂಂ. ಈಗ ಟಕ್ ಅಂತು. ಹಾಕು ಸ್ವಿಚ್ಚು.”

ಹಾಕಿದೆ. ಕೆಂಪು ಲೈಟು ಮಿಣುಕಿತು. ಅಕ್ಕ ಪಿನ್ನು ತೆಗೆದು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ದೇವರು ದಿಂಡರನ್ನೆಲ್ಲ ನೆನೆದೆ, ಹಾಲುರಾಮೇಶ್ವರದ ದೇವರಿಗೂ ಒಂದು ಹರಕೆ ಹೊತ್ತೆ. ಲೈಟು ಮಿಣುಕುತ್ತಲೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ ಆರಿತು. ಕ್ಯಾಮೆರಾದಲ್ಲಿ ಜೀವವೇ ಇಲ್ಲದಂತಾಯಿತು. ನಾನು ಅಕ್ಕನ ಮುಖ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಅವಳೇ ನನ್ನ ಕೈ ಹಿಡಿದುಕೊಂಡಳು. ಹಿಡಿದ ಕೈ ಗಟ್ಟಿಯಾದಾಗಲೇ ನನಗೆ ಗೊತ್ತಾದದ್ದು, ಕ್ಯಾಮೆರಾದ ಹಸಿರು ಲೈಟು ಹತ್ತಿತ್ತು.

ಕಂಬಕ್ಕೆ ಕೂರಿಸಿ, ವೈರು ಸಿಕ್ಕಿಸಿ, ನನ್ನನ್ನು ಗೇಟಿನಾಚೆ ಕಳಿಸಿದಳು. ನಾನು ಗೇಟಿನ ಮುಂದೆ ಅತ್ತಿಂದಿತ್ತ ನಡೆದೆ. ಒಳಗಿನಿಂದ ಅಕ್ಕ ಕೂಗಿದಳು. ಮಾತಲ್ಲ, ಬರೀ ಕೂಗು. ಪಕ್ಕದ ಮನೆಯವರು ಏನಾಯಿತೋ ಎಂದು ಓಡಿ ಬಂದರು. ಆ ಸಂಜೆ ಇಬ್ಬರೂ ಸೇರಿ ಮಿಷನ್ನನ್ನು ಕಿಟಕಿಗೆ ತಿರುಗಿಸಿದೆವು. ಫೋನಿನ ಮೂಲೆಯಲ್ಲಿ ಆ ಕೆಂಪು ಚುಕ್ಕೆ ಮತ್ತೆ ಬಂದು ಕೂತಿತ್ತು, ಅಪ್‌ಡೇಟ್ ಮಾಡಿ ಎಂದು. ಅಕ್ಕ ಅದನ್ನು ನೋಡಿ, “ಇರು, ಇರು, ಅಲ್ಲೇ ಇರು,” ಎಂದು ಚುಕ್ಕೆಗೆ ಬೈದಳು.

ಅಣ್ಣನಿಗೆ ಫೋನು ಮಾಡಿ ಸರಿ ಹೋಯಿತು ಎಂದೆ. “ಇವತ್ತು ಸರಿ ಹೋಯ್ತು, ನಾಳೆ ಮತ್ತೆ ಕೆಟ್ರೆ?” ಎಂದ. ಹೇಳಿದ ಹಾಗೇ ಭಾನುವಾರ ಬೆಳಿಗ್ಗೆ ಲಗೇಜ್ ಆಟೊ, ಹಗ್ಗ, ಗೋಣಿಚೀಲಗಳ ಸಮೇತ ಬಂದ.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅವನು ಗೇಟಿನ ಮೇಲಿಂದ ಕೈ ಹಾಕಿ ಚಿಲಕ ತೆಗೆದು, ಮೆಲ್ಲಗೆ ಒಳಗೆ ಬರುವುದು ಕಂಡಿತು. ನನ್ನನ್ನು ನೋಡಿ ಸುಮ್ಮನಿರು ಎಂದು ಸನ್ನೆ ಮಾಡಿದ. ಪರೀಕ್ಷೆ ಮಾಡಲು ಬಂದಿದ್ದಾನೆ ಎಂದು ಗೊತ್ತಾಗಿ ನನಗೆ ಮೈ ಉರಿಯಿತು. ಅಕ್ಕ ಬಾಗಿಲಿಗೆ ಬೆನ್ನು ಹಾಕಿ ಮಿಷನ್ನಿನಲ್ಲಿ ಹೊಲಿಯುತ್ತಿದ್ದಳು. ಅಣ್ಣ ಹಿಂದೆ ಬಂದು ನಿಂತು, ಭುಜ ಮುಟ್ಟಲು ಕೈ ಎತ್ತಿದ.

“ಅಣ್ಣಾ, ಚಪ್ಪಲಿ ಹೊರಗೆ ಬಿಡು,” ಎಂದಳು ಅಕ್ಕ, ತಿರುಗಿ ನೋಡದೆ. ಹೊಲಿಗೆ ನಿಲ್ಲಲಿಲ್ಲ.

ಅಣ್ಣನ ಕೈ ಎತ್ತಿದಲ್ಲೇ ನಿಂತಿತು. ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು, ಗಿರಾಕಿಗಳು ಕೂರುವ ಬೆಂಚಿನಲ್ಲಿ ಕೂತು ಬಲ್ಬನ್ನೂ ಫೋನನ್ನೂ ಬಹಳ ಹೊತ್ತು ನೋಡಿದ. ಟೀ ಕುಡಿದ. ಅಕ್ಕ ಹೊಲಿಗೆ ಮುಗಿಸಿ ಎದ್ದು, ಚಿತ್ರದುರ್ಗದ ಶಾಲೆಯೊಂದಕ್ಕೆ ಕಳಿಸಬೇಕಾಗಿದ್ದ ಯೂನಿಫಾರ್ಮಿನ ಗಂಟುಗಳನ್ನು ತಂದು ಅವನ ಮುಂದೆ ಇಟ್ಟಳು. “ಆಟೊ ಖಾಲಿ ಯಾಕ್ ಹೋಗ್ಬೇಕು? ಇವನ್ನ ಶಾಲೆಗೆ ಮುಟ್ಸಿಬಿಡು,” ಎಂದಳು. ಅಣ್ಣ ಗಂಟುಗಳನ್ನು ಹೊತ್ತುಕೊಂಡು ಹೋಗಿ ಆಟೊಗೆ ತುಂಬಿದ.

ಅವನನ್ನು ಕಳಿಸಲು ನಾನು ಗೇಟಿನವರೆಗೆ ಹೋದೆ. ಅಕ್ಕ ಒಳಗೆ ಮತ್ತೆ ಮಿಷನ್ನಿಗೆ ಕೂತಿದ್ದಳು. ಅಣ್ಣ ಗೇಟಿನಾಚೆ ನಿಂತು ಒಮ್ಮೆ ಮನೆಯ ಕಡೆ ನೋಡಿದ. ಅಕ್ಕನ ಬೆನ್ನು, ಅದರಾಚೆ ಹತ್ತಿ ನಿಂತ ಬಲ್ಬು ಮಾತ್ರ ಕಾಣುತ್ತಿದ್ದವು. ಅವನ ಕಣ್ಣು ತುಂಬಿತ್ತು. ಕೇಳಿಸಿಕೊಳ್ಳಲಾರಳು ಎಂದು ಗೊತ್ತಿದ್ದರೂ ದನಿ ತಗ್ಗಿಸಿ ನನಗೆ ಹೇಳಿದ:

“ಇನ್ನು ಇವಳ್ನ ಕರ್ಕಂಡು ಹೋಗೋ ಮಾತು ನಾನು ಆಡಲ್ಲ ಕಣವ್ವ.”

ಮನೆಯೊಳಗಿನಿಂದ ಮಿಷನ್ನಿನ ಸದ್ದು ನಿಂತಿತು. ಆಮೇಲೆ ಅಕ್ಕನ ಒರಟು ದನಿ, ಗೇಟಿನವರೆಗೂ ಕೇಳುವಷ್ಟು ಗಟ್ಟಿಯಾಗಿ:

“ಹೂಂ. ಆಡಬ್ಯಾಡ.”